ಒಂದೇ ಕಡೆಯಿಂದ ನೂರು ಗಣಕಗಳ ನಿರ್ವಹಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಲವು ಗಣಕಗಳಿರುವ ಜಾಲದಲ್ಲಿ ತಂತ್ರಾಂಶವನ್ನು ಸ್ಥಾಪಿಸುವ, ಪರಿಷ್ಕರಿಸುವ ಮತ್ತು ಸುಸ್ಥಿತಿಯಲ್ಲಿಡುವ ಕೆಲಸವನ್ನು ಸ್ವಯಂಚಾಲಿತಗೊಳಿಸುವ ಕುರಿತು ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಆಶಯದ ಪ್ರಶ್ನೆಗಳು ಹಲವು ಬಂದಿದ್ದಲ್ಲಿ ಅವನ್ನು ಸೇರಿಸಿ ಒಂದಾಗಿಸಲಾಗಿದೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಅರವತ್ತು ಗಣಕಗಳಿವೆ. ಪ್ರತಿ ಸೆಮಿಸ್ಟರ್ ಆರಂಭಕ್ಕೆ ಮುನ್ನ ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆಯೂ ಕುಳಿತು ಲಿನಕ್ಸ್ ಇನ್‌ಸ್ಟಾಲ್ ಮಾಡುತ್ತೇವೆ. ಒಂದು ಗಣಕವನ್ನು ಸಿದ್ಧಪಡಿಸಿ ಅದರ ಇಮೇಜನ್ನು (ಡಿಸ್ಕಿನ ಯಥಾಪ್ರತಿಯನ್ನು) ಉಳಿದವಕ್ಕೆ ನಕಲು ಮಾಡುವುದು ಒಳ್ಳೆಯದೋ, ನೆಟ್‌ವರ್ಕ್ ಮೂಲಕವೇ ಇನ್‌ಸ್ಟಾಲ್ ಮಾಡುವುದು ಒಳ್ಳೆಯದೋ?
— ಪಾಲಿಟೆಕ್ನಿಕ್ ಪ್ರಯೋಗಾಲಯ ಸಹಾಯಕರು, ದಾವಣಗೆರೆ

ಉತ್ತರ: ಅರವತ್ತೂ ಗಣಕಗಳು ಒಂದೇ ಕಂಪನಿಯ ಒಂದೇ ಮಾದರಿಯವಾಗಿದ್ದರೆ ಇಮೇಜ್ ನಕಲು ಮಾಡುವುದು ಬೇಗ ಮುಗಿಯುವ ಕೆಲಸ. ಕ್ಲೋನ್‌ಜಿಲ್ಲಾದಂಥ ಉಚಿತ ಸಾಧನವು ಇಮೇಜನ್ನು ಮಲ್ಟಿಕಾಸ್ಟ್ ವಿಧಾನದಲ್ಲಿ ಕಳುಹಿಸಬಲ್ಲದು, ಅಂದರೆ ಸರ್ವರ್ ಒಂದು ಸಲ ಕಳುಹಿಸಿದ್ದನ್ನು ಎಲ್ಲ ಗಣಕಗಳೂ ಏಕಕಾಲಕ್ಕೆ ಪಡೆದುಕೊಳ್ಳುತ್ತವೆ. ಆದರೆ ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಮೂರು ಬೇರೆ ಬೇರೆ ವರ್ಷ ಟೆಂಡರಿನಲ್ಲಿ ಬಂದ ಮೂರು ಬಗೆಯ ಯಂತ್ರಗಳು ಅಕ್ಕಪಕ್ಕದಲ್ಲಿರುವುದೇ ಸಾಮಾನ್ಯವಾದ್ದರಿಂದ, ಅಂಥಲ್ಲಿ ಪ್ರತಿ ಮಾದರಿಗೂ ಒಂದು ಇಮೇಜ್ ಇಟ್ಟುಕೊಳ್ಳಬೇಕಾಗುತ್ತದೆ ಮತ್ತು ಆ ಇಮೇಜುಗಳು ತಯಾರಾದ ದಿನದಿಂದಲೇ ಹಳತಾಗತೊಡಗುತ್ತವೆ. ಇನ್ನೊಂದು ತೊಡಕೆಂದರೆ, ನಕಲಿನೊಂದಿಗೆ ಮೂಲ ಗಣಕದ ಗುರುತೂ ನಕಲಾಗುತ್ತದೆ. ಹೆಸರು, ಮಷೀನ್ ಐಡಿ, ದೂರದಿಂದ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್‌ನ ಕೀಲಿ ಎಲ್ಲವೂ ಅರವತ್ತರಲ್ಲೂ ಒಂದೇ ಆಗಿ, ಕೆಲವು ಸಂದರ್ಭಗಳಲ್ಲಿ ಎರಡು ಗಣಕಗಳು ಒಂದೇ ಐಪಿ ವಿಳಾಸಕ್ಕೆ ಜಗಳಕ್ಕಿಳಿಯುತ್ತವೆ. ಆದ್ದರಿಂದ ಇಮೇಜ್ ತೆಗೆಯುವ ಮುನ್ನ ಈ ಗುರುತುಗಳನ್ನು ಅಳಿಸಿರಬೇಕು. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಸಿಸ್‌ಪ್ರೆಪ್ ಇದೆ.

ನೆಟ್‌ವರ್ಕ್ ಮೂಲಕ ಇನ್‌ಸ್ಟಾಲ್ ಮಾಡುವ ದಾರಿಯನ್ನೇ ನಾವು ಸೂಚಿಸುತ್ತೇವೆ. ಇದಕ್ಕೆ ಆಧಾರವಾಗಿರುವ ಪಿಎಕ್ಸ್‌ಇ ಎಂಬ ಏರ್ಪಾಡನ್ನು ಇಂಟೆಲ್ 1990ರ ದಶಕದ ಕೊನೆಯಲ್ಲಿ ನಿರ್ದಿಷ್ಟಪಡಿಸಿತು. ಇಂದಿನ ಬಹುತೇಕ ಎಲ್ಲ ಗಣಕಗಳ ನೆಟ್‌ವರ್ಕ್ ಕಾರ್ಡುಗಳಲ್ಲೂ ಇದು ಇದೆ. ಹಾರ್ಡ್‌ಡಿಸ್ಕ್ ಖಾಲಿಯಾಗಿದ್ದರೂ ಗಣಕವು ಆನ್ ಆದೊಡನೆ ಜಾಲದಲ್ಲಿ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರನ್ನು ಕೇಳಿ ತನಗೊಂದು ವಿಳಾಸವನ್ನೂ, ಬೂಟ್ ಆಗಲು ಬೇಕಾದ ಕಡತ ಎಲ್ಲಿದೆಯೆಂಬ ಮಾಹಿತಿಯನ್ನೂ ಪಡೆದು, ಆ ಕಡತವನ್ನು ಇಳಿಸಿಕೊಂಡು ಇನ್‌ಸ್ಟಾಲರನ್ನು ಆರಂಭಿಸುತ್ತದೆ. ಭಾಷೆ ಯಾವುದು, ಡಿಸ್ಕನ್ನು ಹೇಗೆ ವಿಭಜಿಸಬೇಕು, ಯಾವ ಪ್ಯಾಕೇಜುಗಳು ಬೇಕು ಎಂದು ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಒಂದು ಕಡತದಲ್ಲಿ ಮೊದಲೇ ಉತ್ತರ ಬರೆದಿಟ್ಟಿದ್ದರೆ ಮನುಷ್ಯರು ಮುಂದೆ ಕೂರುವ ಅಗತ್ಯವಿಲ್ಲ. ಈ ಉತ್ತರದ ಕಡತಕ್ಕೆ ರೆಡ್‌ಹ್ಯಾಟ್ ಕುಟುಂಬದಲ್ಲಿ ಕಿಕ್‌ಸ್ಟಾರ್ಟ್ ಎಂದೂ, ಡೆಬಿಯನ್‌ನಲ್ಲಿ ಪ್ರಿಸೀಡ್ ಎಂದೂ, ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್ ಎಂದೂ ಹೆಸರು.

ಎರಡು ಎಚ್ಚರಿಕೆಗಳಿವೆ. ಕಾಲೇಜಿನ ರೌಟರ್ ಆಗಲೇ ಡಿಎಚ್‌ಸಿಪಿ ಸೇವೆ ನೀಡುತ್ತಿದ್ದರೆ ಅದೇ ಜಾಲದಲ್ಲಿ ಎರಡನೆಯದನ್ನು ಆರಂಭಿಸಬೇಡಿ. ಪ್ರಾಂಶುಪಾಲರ ಕೊಠಡಿಯ ಗಣಕವೂ ನಿಮ್ಮ ಸರ್ವರಿನಿಂದ ವಿಳಾಸ ಪಡೆದು ಇಂಟರ್‌ನೆಟ್ ಕಳೆದುಕೊಂಡೀತು. ಪ್ರಯೋಗಾಲಯಕ್ಕೆ ಪ್ರತ್ಯೇಕ ಸ್ವಿಚ್ ಅಥವಾ ವಿಎಲ್ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಮಾಡಿಕೊಳ್ಳಿ, ಇಲ್ಲವೇ ಡಿಎನ್ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿ ರೂಪದಲ್ಲಿ ನಡೆಸಿ. ಆಗ ಅದು ವಿಳಾಸಗಳನ್ನು ಹಂಚದೆ ಬೂಟ್ ಮಾಹಿತಿಯನ್ನು ಮಾತ್ರ ಕೊಡುತ್ತದೆ. ಎರಡನೆಯದಾಗಿ, ಉಬುಂಟುವಿನ ಈಚಿನ ಆವೃತ್ತಿಗಳು ನೆಟ್‌ವರ್ಕ್ ಬೂಟಿನಲ್ಲಿ ಇನ್‌ಸ್ಟಾಲರಿನ ಇಡೀ ಐಎಸ್ಒ ಕಡತವನ್ನು ಮೊದಲು ರ‍್ಯಾಮ್‌ಗೆ ತುಂಬಿಕೊಳ್ಳುವುದರಿಂದ ಕಡಿಮೆ ರ‍್ಯಾಮ್ ಇರುವ ಹಳೆಯ ಗಣಕಗಳಲ್ಲಿ ಅವು ಅರ್ಧಕ್ಕೇ ನಿಂತುಬಿಡಬಹುದು. ಡೆಬಿಯನ್ನಿನ ನೆಟ್‌ಬೂಟ್ ಕಡತಗಳು ಚಿಕ್ಕವಾಗಿರುವುದರಿಂದ ಅಂಥ ಯಂತ್ರಗಳಿಗೆ ಅದೇ ಅನುಕೂಲ.

ವೇಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಒಂದೊಂದು ಗಣಕಕ್ಕೆ 2 ಜಿಬಿ ಪ್ಯಾಕೇಜುಗಳೆಂದರೆ ಅರವತ್ತಕ್ಕೆ 120 ಜಿಬಿ. ಅಷ್ಟನ್ನೂ ಕಾಲೇಜಿನ ಇಂಟರ್‌ನೆಟ್ ಸಂಪರ್ಕದಿಂದ ಎಳೆಯುವುದು ಅವಿವೇಕ. ಆಪ್ಟ್ ಕ್ಯಾಷರ್ ಎನ್‌ಜಿ ಎಂಬ ತಂತ್ರಾಂಶವನ್ನು ಸ್ಥಳೀಯ ಸರ್ವರಿನಲ್ಲಿಟ್ಟರೆ ಹೊರಗಿನಿಂದ ಒಂದು ಸಲ ಬಂದ ಪ್ಯಾಕೇಜು ಅಲ್ಲಿಯೇ ಉಳಿದು ಮಿಕ್ಕ ಐವತ್ತೊಂಬತ್ತಕ್ಕೂ ಅಲ್ಲಿಂದಲೇ ಹೋಗುತ್ತದೆ. ಆಗಲೂ ಸರ್ವರಿನ ಸ್ವಿಚ್ ಸಂಪರ್ಕ 100 ಎಂಬಿಪಿಎಸ್ ಆಗಿದ್ದರೆ 120 ಜಿಬಿ ಹರಿಯಲು ಎರಡೂಮುಕ್ಕಾಲು ಗಂಟೆಯ ಹತ್ತಿರ ಬೇಕು. ಗಿಗಾಬಿಟ್ ಸ್ವಿಚ್ಚಿನಲ್ಲಿ ಅದು ಕಾಗದದ ಲೆಕ್ಕಕ್ಕೆ ಹದಿನಾರು ನಿಮಿಷ, ವಾಸ್ತವದಲ್ಲಿ ಇನ್ನಷ್ಟು. ಪ್ರಯೋಗಾಲಯಕ್ಕೆ ಹೊಸದೇನನ್ನಾದರೂ ಖರೀದಿಸಲು ಹಣ ಮಂಜೂರಾದರೆ ಮೊದಲು ಸ್ವಿಚ್ ಬದಲಾಯಿಸಿ.

ಪ್ರಶ್ನೆ: ಹೀಗೆ ಇನ್‌ಸ್ಟಾಲ್ ಆದ ಎಲ್ಲ ಲಿನಕ್ಸ್ ಗಣಕಗಳಲ್ಲೂ ಕನ್ನಡ ಕೀಲಿಮಣೆ ತಾನಾಗಿಯೇ ಬರುವಂತೆ ಮಾಡಬಹುದೇ?
— ಕನ್ನಡ ಉಪನ್ಯಾಸಕರು, ಹಾಸನ

ಉತ್ತರ: ಮಾಡಬಹುದು. ಕಗಪ ವಿನ್ಯಾಸವು ಲಿನಕ್ಸಿನ ಎಕ್ಸ್‌ಕೆಬಿ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇರುವುದರಿಂದ ಹೊರಗಿನಿಂದ ಏನನ್ನೂ ತರಬೇಕಿಲ್ಲ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಕೀಲಿಮಣೆಯ ಆಯ್ಕೆಯು ಬಳಕೆದಾರರಿಗೊಂದರಂತೆ ಉಳಿಯುತ್ತದೆ. ಎಲ್ಲ ವಿದ್ಯಾರ್ಥಿಗಳಿಗೂ ಸಿಗಬೇಕಾದರೆ ಗ್ನೋಮ್‌ನ ಆಯ್ಕೆಗಳನ್ನು ಉಳಿಸಿಡುವ ಡಿಕಾನ್ಫ್ ಮೂಲಕ ಇಡೀ ಗಣಕಕ್ಕೆ ಅನ್ವಯಿಸುವ ಪೂರ್ವನಿಗದಿಯನ್ನು ಬರೆಯಬೇಕು. ಅಕ್ಷರಶೈಲಿಗಳಿಗಾಗಿ ಗುಬ್ಬಿ ಮತ್ತು ನವಿಲು ಫಾಂಟುಗಳನ್ನು ಡೆಬಿಯನ್ ಹಾಗೂ ಉಬುಂಟು ಭಂಡಾರಗಳಿಂದಲೇ ಪಡೆಯಬಹುದು. ಪ್ಯಾಕೇಜುಗಳ ಪಟ್ಟಿಗೆ ಎರಡು ಸಾಲು ಸೇರಿಸಿದರೆ ಆಯಿತು. ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದು ಬೇರೆಯೇ ಕೆಲಸ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಪ್ರಶ್ನೆ: ಎಸ್‌ಎಸ್‌ಎಚ್ ಮೂಲಕ ಎಲ್ಲ ಸರ್ವರುಗಳಿಗೂ ಒಂದೇ ಆಜ್ಞೆ ಕಳುಹಿಸುವ ಶೆಲ್ ಸ್ಕ್ರಿಪ್ಟನ್ನು ನಾನೇ ಬರೆದುಕೊಂಡಿದ್ದೇನೆ. ಅದು ಕೆಲಸ ಮಾಡುತ್ತಿದೆ. ಹಾಗಿದ್ದೂ ಆನ್ಸಿಬಲ್, ಪಪೆಟ್ ಎಂಬ ನಿರ್ವಹಣಾ ಸಾಧನಗಳನ್ನು ಹೊಸದಾಗಿ ಕಲಿಯಬೇಕೆಂದು ಹಿರಿಯ ಸಹೋದ್ಯೋಗಿಗಳು ಏಕೆ ಹೇಳುತ್ತಾರೆ?
— ಸಿಸ್ಟಮ್ ಅಡ್ಮಿನ್, ಬೆಂಗಳೂರು

ಉತ್ತರ: ನಿಮ್ಮ ಸ್ಕ್ರಿಪ್ಟು ಎಲ್ಲ ಸರ್ವರುಗಳೂ ಚಾಲನೆಯಲ್ಲಿರುವ, ಎಲ್ಲವೂ ಒಂದೇ ಸ್ಥಿತಿಯಲ್ಲಿರುವ ದಿನ ಕೆಲಸ ಮಾಡುತ್ತದೆ. ಒಂದು ಸಂರಚನಾ ಕಡತದ ಕೊನೆಗೆ ಒಂದು ಸಾಲನ್ನು ಸೇರಿಸುವ ಆಜ್ಞೆಯನ್ನೇ ತೆಗೆದುಕೊಳ್ಳಿ. ಇಪ್ಪತ್ತು ಸರ್ವರುಗಳಲ್ಲಿ ಮೂರು ಆ ಹೊತ್ತಿಗೆ ಸ್ಥಗಿತಗೊಂಡಿದ್ದವು ಎಂದಿಟ್ಟುಕೊಳ್ಳೋಣ. ಮರುದಿನ ಸ್ಕ್ರಿಪ್ಟನ್ನು ಮತ್ತೆ ನಡೆಸಿದರೆ ಆ ಮೂರರಲ್ಲಿ ಸಾಲು ಸೇರಿಕೊಳ್ಳುತ್ತದೆ, ಉಳಿದ ಹದಿನೇಳರಲ್ಲಿ ಅದೇ ಸಾಲು ಎರಡು ಸಲ ಇರುತ್ತದೆ. ಇದನ್ನು ತಪ್ಪಿಸಲು ನೀವು ಸ್ಕ್ರಿಪ್ಟಿನೊಳಗೆ ಪರೀಕ್ಷೆಗಳನ್ನು ಸೇರಿಸುತ್ತ ಹೋಗುತ್ತೀರಿ, ಒಂದೆರಡು ವರ್ಷಗಳಲ್ಲಿ ನಿಮಗೆ ಮಾತ್ರ ಅರ್ಥವಾಗುವ ಒಂದು ಸಾಧನ ತಯಾರಾಗಿರುತ್ತದೆ.

ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ನಿರ್ವಹಣಾ ಸಾಧನವನ್ನು ಬರೆದದ್ದು ಇದೇ ಸಂಕಟದಿಂದ ಹೊರಬರಲು. ಅವರು ಮುಂದಿಟ್ಟ ವಿಚಾರ ಸರಳವಾಗಿತ್ತು: ಗಣಕಕ್ಕೆ ಮಾಡಬೇಕಾದ ಕೆಲಸಗಳನ್ನು ಹೇಳುವ ಬದಲು ಗಣಕವು ಇರಬೇಕಾದ ಸ್ಥಿತಿಯನ್ನು ಹೇಳಬೇಕು. "ಈ ಸಾಲನ್ನು ಸೇರಿಸು" ಎಂದು ಬರೆಯುವ ಬದಲು "ಈ ಕಡತದಲ್ಲಿ ಈ ಸಾಲು ಇರತಕ್ಕದ್ದು" ಎಂದು ಬರೆದರೆ, ಸಾಲು ಆಗಲೇ ಇರುವ ಯಂತ್ರದಲ್ಲಿ ಸಾಧನವು ಏನನ್ನೂ ಮಾಡುವುದಿಲ್ಲ, ಇಲ್ಲದ ಯಂತ್ರದಲ್ಲಿ ಸೇರಿಸುತ್ತದೆ, ಎಷ್ಟು ಸಲ ನಡೆಸಿದರೂ ಫಲ ಒಂದೇ ಆಗಿರುತ್ತದೆ. 2005ರಲ್ಲಿ ಬಂದ ಪಪೆಟ್, 2009ರ ಶೆಫ್, 2011ರ ಸಾಲ್ಟ್, 2012ರ ಆನ್ಸಿಬಲ್ ಎಲ್ಲವೂ ತಮ್ಮ ತಮ್ಮ ರೀತಿಯಲ್ಲಿ ಈ ವಿಚಾರದ ಮೇಲೆಯೇ ನಿಂತಿವೆ. ಆನ್ಸಿಬಲ್ಲಿನ ಒಳಗೂ ಬರಿಯ ಶೆಲ್ ಆಜ್ಞೆಗಳನ್ನೇ ತುಂಬಿಡುವವರಿದ್ದಾರೆ. ಅವರು ಹೆಸರನ್ನು ಬದಲಾಯಿಸಿದ್ದಾರೆಯೇ ಹೊರತು ವಿಧಾನವನ್ನಲ್ಲ.

ನಿಮ್ಮ ಹಿರಿಯರ ಸಲಹೆಯ ಹಿಂದೆ ಇನ್ನೊಂದು ಕಾರಣವೂ ಇರಬಹುದು. ಕಳುಹಿಸಿದ್ದು ಎಲ್ಲ ಯಂತ್ರಗಳಿಗೂ ತಲುಪಿತೇ ಎಂದು ಸ್ಕ್ರಿಪ್ಟು ಹೇಳುವುದಿಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯು 2012ರಲ್ಲಿ ತನ್ನ ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶವನ್ನು ಹಾಕುವಾಗ ತಂತ್ರಜ್ಞರೊಬ್ಬರು ಎಂಟನೆಯದಕ್ಕೆ ನಕಲು ಮಾಡಲಿಲ್ಲ. ಮತ್ತೊಬ್ಬರು ಅದನ್ನು ಪರಿಶೀಲಿಸಬೇಕೆಂಬ ಲಿಖಿತ ಕ್ರಮವೂ ಅಲ್ಲಿರಲಿಲ್ಲ. ವರ್ಷಗಳ ಹಿಂದೆಯೇ ಬಳಕೆ ತಪ್ಪಿದ್ದ ಹಳೆಯ ಕಾರ್ಯವೊಂದು ಆ ಎಂಟನೆಯ ಸರ್ವರಿನಲ್ಲಿ ಇನ್ನೂ ಉಳಿದಿತ್ತು, ಮತ್ತು ಹೊಸ ತಂತ್ರಾಂಶವು ಮರುಬಳಸಿದ ಸಂಕೇತವು ಅದನ್ನೇ ಎಬ್ಬಿಸಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದ ಸುಮಾರು 45 ನಿಮಿಷಗಳಲ್ಲಿ ಸಂಸ್ಥೆಗಾದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಗಾಬರಿಯಲ್ಲಿ ಅಲ್ಲಿನವರು ಸರಿಯಾಗಿಯೇ ಇದ್ದ ಏಳು ಸರ್ವರುಗಳಿಂದ ಹೊಸ ತಂತ್ರಾಂಶವನ್ನು ತೆಗೆದುಹಾಕಿದ್ದರಿಂದ ಅವೂ ಎಂಟನೆಯದರ ಹಾದಿ ಹಿಡಿದು ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಯಾವ ಯಂತ್ರದಲ್ಲಿ ಏನಿದೆಯೆಂಬುದು ಆ ಮುಕ್ಕಾಲು ಗಂಟೆಯಲ್ಲಿ ಅವರ ಕಣ್ಣ ಮುಂದೆ ಇರಲಿಲ್ಲ. ಸ್ವಯಂಚಾಲನೆಯಿಂದ ಸಿಗುವ ಮೊದಲ ಲಾಭ ಸಮಯದ ಉಳಿತಾಯವೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಲಾಭವೆಂದರೆ ಈ ಅರಿವು.

ಯಾವುದನ್ನು ಕಲಿಯಬೇಕೆಂದರೆ, ನಿಮಗೆ ಎಸ್‌ಎಸ್‌ಎಚ್ ಈಗಾಗಲೇ ತಿಳಿದಿರುವುದರಿಂದ ಆನ್ಸಿಬಲ್ ಹತ್ತಿರದ ದಾರಿ. ನಿರ್ವಹಿಸಬೇಕಾದ ಗಣಕಗಳಲ್ಲಿ ಪ್ರತ್ಯೇಕ ಏಜೆಂಟ್ (ಸದಾ ನಡೆಯುವ ಸಹಾಯಕ ತಂತ್ರಾಂಶ) ಬೇಕಿಲ್ಲ, ಪೈಥಾನ್ ಇದ್ದರೆ ಸಾಕು. ಅದು ಪೂರ್ವನಿಗದಿಯಾಗಿ ಒಂದು ಹೊತ್ತಿಗೆ ಐದು ಗಣಕಗಳೊಂದಿಗೆ ಮಾತ್ರ ಮಾತನಾಡುವುದರಿಂದ, ಸಂಖ್ಯೆ ಹೆಚ್ಚಿದ್ದಲ್ಲಿ ನಿಧಾನವೆನಿಸಿದರೆ ಆ ಮಿತಿಯನ್ನು ಏರಿಸಿಕೊಳ್ಳಬಹುದು. ಪಪೆಟ್ ಇದಕ್ಕೆ ವಿರುದ್ಧವಾಗಿ ಪ್ರತಿ ಗಣಕದಲ್ಲೂ ಒಂದು ಏಜೆಂಟನ್ನು ಇರಿಸಿ, ಅದು ಅರ್ಧ ಗಂಟೆಗೊಮ್ಮೆ ಸರ್ವರನ್ನು ಕೇಳಿ ತನ್ನ ಸ್ಥಿತಿಯನ್ನು ತಿದ್ದಿಕೊಳ್ಳುವಂತೆ ಮಾಡುತ್ತದೆ. ಯಾರೋ ಕೈಯಾರೆ ಬದಲಾಯಿಸಿದ್ದನ್ನು ತಾನಾಗಿಯೇ ಸರಿಪಡಿಸುವ ಗುಣ ಬೇಕಾದಲ್ಲಿ ಮತ್ತು ಗಣಕಗಳು ಎಂದೆಂದೋ ಆನ್ ಆಗುವ ಕಡೆಗಳಲ್ಲಿ ಆ ಕ್ರಮವೇ ಮೇಲು.

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಹನ್ನೆರಡು ಶಾಖೆಗಳಿವೆ, ಎಲ್ಲ ಕಡೆಯೂ ವಿಂಡೋಸ್. ತಿಂಗಳ ಮಧ್ಯದಲ್ಲಿ ಎಲ್ಲ ಗಣಕಗಳೂ ಒಟ್ಟಿಗೆ ಅಪ್‌ಡೇಟ್ ಇಳಿಸಿಕೊಳ್ಳತೊಡಗಿ ಶಾಖೆಗಳ ಇಂಟರ್‌ನೆಟ್ ನಿಂತೇ ಹೋಗುತ್ತದೆ. ಪರಿಹಾರವೇನು?
— ಗಣಕ ವಿಭಾಗದ ಮೇಲ್ವಿಚಾರಕರು, ಮಂಡ್ಯ

ಉತ್ತರ: ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತನ್ನ ಭದ್ರತಾ ಪರಿಷ್ಕರಣೆಗಳನ್ನು ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತ ಬಂದಿದೆ. ಅವು ಹೊರಬೀಳುವ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಗಂಟೆಯೆಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹೀಗಾಗಿ ಬುಧವಾರ ಬೆಳಿಗ್ಗೆ ಶಾಖೆ ತೆರೆದು ಗಣಕಗಳನ್ನು ಆನ್ ಮಾಡುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಕೈಚಾಚುತ್ತವೆ.

ಮೊದಲ ಪರಿಹಾರಕ್ಕೆ ಖರ್ಚಿಲ್ಲ. ವಿಂಡೋಸಿನಲ್ಲಿಯೇ ಇರುವ ಡೆಲಿವರಿ ಆಪ್ಟಿಮೈಸೇಶನ್ ಸೌಲಭ್ಯವನ್ನು ಸ್ಥಳೀಯ ಜಾಲಕ್ಕೆ ಸೀಮಿತಗೊಳಿಸಿ ಚಾಲೂ ಮಾಡಿದರೆ, ಶಾಖೆಯ ಒಂದು ಗಣಕ ಇಳಿಸಿಕೊಂಡದ್ದನ್ನು ಪಕ್ಕದವು ಅದರಿಂದಲೇ ಪಡೆಯುತ್ತವೆ. ಹೊರಗಿನಿಂದ ಇಳಿಸುವ ವೇಗಕ್ಕೆ ಕಚೇರಿ ವೇಳೆಯಲ್ಲಿ ಮಿತಿಯನ್ನೂ ಹಾಕಬಹುದು. ಕೇಂದ್ರ ಕಚೇರಿಯಲ್ಲಿ ವಿಂಡೋಸ್ ಸರ್ವರ್ ಮತ್ತು ಆಕ್ಟಿವ್ ಡೈರೆಕ್ಟರಿ (ಗಣಕಗಳ ಮತ್ತು ಬಳಕೆದಾರರ ಕೇಂದ್ರ ದಾಖಲೆ) ಇದ್ದರೆ ಇವನ್ನೆಲ್ಲ ಗ್ರೂಪ್ ಪಾಲಿಸಿ ಎಂಬ ಕೇಂದ್ರೀಯ ನಿಯಮಾವಳಿಯಿಂದ ಒಂದೇ ಕಡೆ ನಿಗದಿಪಡಿಸಿ. ಪರಿಷ್ಕರಣೆಗಳನ್ನು ಸಂಸ್ಥೆಯ ಸ್ವಂತ ಸರ್ವರಿನಿಂದ ಹಂಚುವ, 2005ರಿಂದ ಇರುವ ಡಬ್ಲ್ಯುಎಸ್‌ಯುಎಸ್ ಸೇವೆಯಲ್ಲಿ ನೀವು ಒಪ್ಪಿಗೆ ಕೊಟ್ಟ ಪರಿಷ್ಕರಣೆಗಳು ಮಾತ್ರ ಕೆಳಗಿಳಿಯುತ್ತವೆ. ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲವೆಂದು ಕಂಪನಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆಯಾದರೂ ಸೇವೆ ನಿಂತಿಲ್ಲ. ಈಗಾಗಲೇ ಬಳಸುತ್ತಿರುವವರು ಆತುರಪಡಬೇಕಿಲ್ಲ, ಹೊಸದಾಗಿ ಕಟ್ಟುವವರು ಇಂಟರ್‌ನೆಟ್ ಮೂಲಕ ಗಣಕಗಳನ್ನು ನಿರ್ವಹಿಸುವ ಇನ್‌ಟ್ಯೂನ್‌ನಂಥ ಸೇವೆಗಳ ಬೆಲೆಯನ್ನೂ ವಿಚಾರಿಸಿ ನಿರ್ಧರಿಸಲಿ.

ಡಬ್ಲ್ಯುಎಸ್‌ಯುಎಸ್ ಮುಖ್ಯವಾಗಿ ಮೈಕ್ರೋಸಾಫ್ಟಿನ ತಂತ್ರಾಂಶಗಳನ್ನು ನೋಡಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಲೆಕ್ಕಪತ್ರ ತಂತ್ರಾಂಶದಂಥವುಗಳಿಗೆ ಬೇರೆ ದಾರಿ ಬೇಕು. ಅವು ಎಂಎಸ್ಐ ಎಂಬ ವಿಂಡೋಸ್ ಸ್ಥಾಪನಾ ಕಡತದ ರೂಪದಲ್ಲಿ ಸಿಕ್ಕರೆ ಗ್ರೂಪ್ ಪಾಲಿಸಿಯಿಂದಲೇ, ಬಳಕೆದಾರರನ್ನು ಏನೂ ಕೇಳದೆ, ಗಣಕ ಆರಂಭವಾಗುವಾಗ ಸ್ಥಾಪಿಸಬಹುದು. ಇನ್ನು ಮುಂದೆ ತಂತ್ರಾಂಶ ಕೊಳ್ಳುವಾಗ ಮಾರಾಟಗಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಿರಲಿ. ಹನ್ನೆರಡು ಶಾಖೆಗಳಲ್ಲಿ ಎಲ್ಲಾದರೂ ವಿಂಡೋಸ್ 10 ಉಳಿದಿದೆಯೇ ಎಂದೂ ಪಟ್ಟಿ ಮಾಡಿ. ಅದಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪ್ರಶ್ನೆ: 2024ರ ಜುಲೈಯಲ್ಲಿ ಒಂದು ಅಪ್‌ಡೇಟಿನಿಂದ ಜಗತ್ತಿನ ಲಕ್ಷಾಂತರ ಗಣಕಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಅದಾದ ಮೇಲೆ ನಮ್ಮ ಆಸ್ಪತ್ರೆಯ ಆಡಳಿತ ಮಂಡಳಿಯು ಸ್ವಯಂಚಾಲಿತ ಅಪ್‌ಡೇಟುಗಳನ್ನೆಲ್ಲ ನಿಲ್ಲಿಸಲು ಸೂಚಿಸಿದೆ. ಇದು ಸರಿಯೇ?
— ಆಸ್ಪತ್ರೆಯ ಗಣಕ ವಿಭಾಗ, ಮಂಗಳೂರು

ಉತ್ತರ: ಮಂಡಳಿಯ ಭಯ ಸಕಾರಣವಾದದ್ದು, ಆದರೆ ಸೂಚನೆ ಸರಿಯಲ್ಲ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಕಡತ ಹಂಚಿಕೆ ವ್ಯವಸ್ಥೆಯ ಲೋಪವೊಂದಕ್ಕೆ ಪ್ಯಾಚ್ ಬಿಡುಗಡೆ ಮಾಡಿತು. ಅದೇ ಲೋಪವನ್ನು ಬಳಸಿಕೊಂಡ ವನ್ನಾಕ್ರೈ ದಾಳಿ ಆರಂಭವಾದದ್ದು ಮೇ 12ರಂದು. ನಡುವೆ ಎರಡು ತಿಂಗಳ ಅವಕಾಶವಿದ್ದೂ ಪ್ಯಾಚ್ ಹಾಕಿಕೊಳ್ಳದ ಗಣಕಗಳು ಸಿಕ್ಕಿಬಿದ್ದವು, ಮತ್ತು ಅತ್ಯಂತ ಕಷ್ಟಕ್ಕೊಳಗಾದವರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಿದ್ದವು. ಅಪ್‌ಡೇಟ್ ನಿಲ್ಲಿಸಿದ ಆಸ್ಪತ್ರೆಯು ಈ ಎರಡನೆಯ ಅಪಾಯಕ್ಕೆ ಬಾಗಿಲು ತೆರೆದಿಡುತ್ತದೆ.

2024ರ ಜುಲೈ 19ರ ಘಟನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅದರ ಬಗ್ಗೆ ಬಂದ ಸುದ್ದಿಗಳಲ್ಲಿ ಮುಖ್ಯ ಸಂಗತಿಯೇ ಮರೆಯಾಗಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಂತ್ರಾಂಶದಲ್ಲಿ ಎರಡು ಭಾಗಗಳಿವೆ: ಗಣಕದಲ್ಲಿ ಕುಳಿತು ಕಾವಲು ಕಾಯುವ ಸೆನ್ಸರ್, ಮತ್ತು ಯಾವುದನ್ನು ಅನುಮಾನದಿಂದ ನೋಡಬೇಕೆಂದು ಅದಕ್ಕೆ ಆಗಾಗ ಹೇಳುವ ಮಾಹಿತಿ ಕಡತಗಳು. ಗ್ರಾಹಕರು ಎಚ್ಚರಿಕೆಯಿಂದ ಸೆನ್ಸರನ್ನು ಒಂದು ಆವೃತ್ತಿ ಹಿಂದೆಯೇ ಇಟ್ಟುಕೊಳ್ಳುವ ಅವಕಾಶವಿತ್ತು, ಹಾಗೆ ಇಟ್ಟುಕೊಂಡವರೂ ಬಹಳ ಮಂದಿ ಇದ್ದರು. ಆದರೆ ಆ ಆಯ್ಕೆ ಮಾಹಿತಿ ಕಡತಗಳಿಗೆ ಅನ್ವಯಿಸುತ್ತಿರಲಿಲ್ಲ. ಅವು ಎಲ್ಲರಿಗೂ ಒಂದೇ ಸಲ ಹೋಗುತ್ತಿದ್ದವು. ಆ ದಿನದ ಕಡತವು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಸೆನ್ಸರ್ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ವಿಂಡೋಸಿನ ತಿರುಳಿನಲ್ಲಿಯೇ ದೋಷವುಂಟಾಗಿ ಗಣಕ ಕುಸಿಯಿತು. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಗಣಕಗಳು ಕೆಟ್ಟಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟದ್ದು ಆ ದಿನವೇ. ಕೆಟ್ಟ ಗಣಕ ಬೂಟ್ ಆಗದ ಕಾರಣ ಜಾಲದ ಮೂಲಕ ಅದನ್ನು ತಲುಪುವ ದಾರಿಯೂ ಮುಚ್ಚಿತ್ತು. ಬಹುಪಾಲು ಗಣಕಗಳ ಮುಂದೆ ಮನುಷ್ಯರೇ ಹೋಗಿ ಸೇಫ್ ಮೋಡಿನಲ್ಲಿ ಆ ಕಡತವನ್ನು ಅಳಿಸಬೇಕಾಯಿತು, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದ್ದಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಒತ್ತಬೇಕಾಯಿತು. ಆ ಕೀಲಿಗಳನ್ನು ಇಟ್ಟಿದ್ದ ಸರ್ವರೂ ಅದೇ ರೋಗಕ್ಕೆ ಬಿದ್ದಿದ್ದರೆ ಏನು ಗತಿಯೆಂದು ಊಹಿಸಿಕೊಳ್ಳಿ.

ಆದ್ದರಿಂದ ನಿಮ್ಮ ಮಂಡಳಿಯ ಮುಂದೆ ಇಡಬೇಕಾದದ್ದು ಹಂತಗಳ ಯೋಜನೆ. ಪರಿಷ್ಕರಣೆ ಬಂದ ದಿನ ಗಣಕ ವಿಭಾಗದ ಸ್ವಂತ ಯಂತ್ರಗಳು, ಎರಡು ದಿನ ಬಿಟ್ಟು ಪ್ರತಿ ವಿಭಾಗದಿಂದ ಒಂದೊಂದು, ಅಲ್ಲಿ ತೊಂದರೆ ಕಾಣದಿದ್ದರೆ ವಾರದೊಳಗೆ ಉಳಿದವು. ದಾಳಿ ಈಗಾಗಲೇ ನಡೆಯುತ್ತಿದೆಯೆಂದು ಎಚ್ಚರಿಕೆ ಬಂದ ಲೋಪಗಳಿಗೆ ಮಾತ್ರ ಈ ಅಂತರವನ್ನು ಗಂಟೆಗಳಿಗೆ ಇಳಿಸುವುದು. ಎರಡನೆಯ ಹಂತದಲ್ಲಿ ಹೊರರೋಗಿ ನೋಂದಣಿ, ಔಷಧಾಲಯ, ಪ್ರಯೋಗಶಾಲೆ ಹೀಗೆ ಬೇರೆ ಬೇರೆ ತಂತ್ರಾಂಶ ಬಳಸುವ ಯಂತ್ರಗಳೇ ಇರಬೇಕು. ಗಣಕ ವಿಭಾಗದ ಯಂತ್ರಗಳಲ್ಲಿ ರಕ್ತಪರೀಕ್ಷೆಯ ಉಪಕರಣದ ಡ್ರೈವರ್ ಇರುವುದಿಲ್ಲವಾದ್ದರಿಂದ ಅಲ್ಲಿಯ ಪರೀಕ್ಷೆ ಮಾತ್ರ ಸಾಲದು. ತಯಾರಕರ ಒಪ್ಪಿಗೆಯಿಲ್ಲದೆ ಅಪ್‌ಡೇಟ್ ಮಾಡಲಾಗದ ಸ್ಕ್ಯಾನಿಂಗ್ ಯಂತ್ರಗಳ ಗಣಕಗಳನ್ನು ಪ್ರತ್ಯೇಕ ವಿಎಲ್ಎಎನ್‌ನಲ್ಲಿಟ್ಟು ಇಂಟರ್‌ನೆಟ್ಟಿನಿಂದ ಕಡಿದುಹಾಕಿ. ಭದ್ರತಾ ತಂತ್ರಾಂಶದ ಮಾರಾಟಗಾರರಿಂದ, ಅಪ್‌ಡೇಟಿನ ಯಾವ ಭಾಗ ನಮ್ಮ ಹಿಡಿತದಲ್ಲಿದೆ, ಯಾವ ಭಾಗ ಇಲ್ಲ ಎಂಬುದನ್ನು ಬರಹದಲ್ಲಿಯೇ ಪಡೆಯಿರಿ. ಬಿಟ್‌ಲಾಕರ್ ಕೀಲಿಗಳ ಒಂದು ಪ್ರತಿ ಕಾಗದದಲ್ಲಿ, ಕಬ್ಬಿಣದ ಬೀರುವಿನಲ್ಲಿರಲಿ.

ಗುರಿ ಸರಿಯಾಗಿ ನಿಗದಿಯಾಗಿದೆಯೇ ಎಂಬುದನ್ನು ಇಬ್ಬರು ನೋಡುವ ಪದ್ಧತಿಯೂ ಇರಲಿ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ 2014ರ ಮೇಯಲ್ಲಿ, ಡಿಸ್ಕನ್ನು ಅಳಿಸಿ ವಿಂಡೋಸ್ 7 ಹಾಕುವ ಇಮೇಜೊಂದು ಕಣ್ತಪ್ಪಿನಿಂದ ವಿಶ್ವವಿದ್ಯಾಲಯದ ನಿರ್ವಹಣಾ ವ್ಯವಸ್ಥೆಯಡಿ ಇದ್ದ ಎಲ್ಲ ವಿಂಡೋಸ್ ಯಂತ್ರಗಳಿಗೂ ಹೊರಟಿತು. ಲ್ಯಾಪ್‌ಟಾಪುಗಳ ಜೊತೆಗೆ ಸರ್ವರುಗಳೂ ಅದಕ್ಕೆ ಸಿಕ್ಕವು. ಕೊನೆಗೆ ಆ ಇಮೇಜನ್ನು ಕಳುಹಿಸುತ್ತಿದ್ದ ಸರ್ವರೇ ತನ್ನನ್ನು ತಾನು ಅಳಿಸಿಕೊಂಡಿತ್ತು.

ಪ್ರಶ್ನೆ: ನಾವು ಸ್ವಿಚ್ ಮತ್ತು ರೌಟರುಗಳ ಸಂರಚನೆಯನ್ನೂ ಸ್ವಯಂಚಾಲಿತಗೊಳಿಸಲು ಯೋಚಿಸುತ್ತಿದ್ದೇವೆ. ತಪ್ಪು ಆಜ್ಞೆಯಿಂದ ಉಪಕರಣದ ಸಂಪರ್ಕವೇ ಕಡಿದುಹೋದರೆ ಏನು ಮಾಡುವುದು?
— ಇಂಟರ್‌ನೆಟ್ ಸೇವಾದಾರ ಸಂಸ್ಥೆಯ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಅದೇ ಈ ಕೆಲಸದ ನಿಜವಾದ ಕಷ್ಟ. ಸರ್ವರಿನಲ್ಲಿ ತಪ್ಪಾದರೆ ತಿದ್ದಲು ಜಾಲವಿರುತ್ತದೆ, ಜಾಲದಲ್ಲಿಯೇ ತಪ್ಪಾದರೆ ತಿದ್ದುವ ದಾರಿಯೂ ಅದರೊಂದಿಗೇ ಹೋಗುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ದಿನನಿತ್ಯದ ನಿರ್ವಹಣೆಯ ವೇಳೆ ನೀಡಿದ ಒಂದು ಆಜ್ಞೆಯು ಅದರ ಡೇಟಾ ಕೇಂದ್ರಗಳ ನಡುವಿನ ಸಂಪರ್ಕಗಳನ್ನೆಲ್ಲ ಕಡಿದುಹಾಕಿತು. ಅಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಪರಿಶೋಧನಾ ಸಾಧನದಲ್ಲಿಯೇ ದೋಷವಿತ್ತು. ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು.

ಕೆಲವು ಉಪಕರಣಗಳಲ್ಲಿ ಇದಕ್ಕೆ ಸೊಗಸಾದ ಉಪಾಯವಿದೆ. ಜುನಿಪರ್ ರೌಟರಿನಲ್ಲಿ ಬದಲಾವಣೆಯನ್ನು ದೃಢೀಕರಣದ ಷರತ್ತಿನೊಂದಿಗೆ ಜಾರಿಗೊಳಿಸಿದರೆ, ನೀವು ಹತ್ತು ನಿಮಿಷಗಳೊಳಗೆ ಮತ್ತೊಮ್ಮೆ ಒಪ್ಪಿಗೆ ಕೊಡದಿದ್ದಲ್ಲಿ ಅದು ತಾನಾಗಿಯೇ ಹಳೆಯ ಸಂರಚನೆಗೆ ಮರಳುತ್ತದೆ; ಸಂಪರ್ಕ ಕಡಿದುಹೋದವರು ಒಪ್ಪಿಗೆ ಕೊಡಲಾರರು ಎಂಬುದೇ ಇದರ ಜಾಣ್ಮೆ. ಸಿಸ್ಕೋ ಉಪಕರಣಗಳಲ್ಲಿ ಬದಲಾವಣೆಗೆ ಮುನ್ನ ಇಂತಿಷ್ಟು ನಿಮಿಷಗಳ ನಂತರ ಮರುಚಾಲನೆಯಾಗುವಂತೆ ನಿಗದಿಪಡಿಸಿ, ಎಲ್ಲ ಸರಿಯಾದ ಮೇಲೆ ಅದನ್ನು ರದ್ದುಪಡಿಸುವ ಹಳೆಯ ಅಭ್ಯಾಸವಿದೆ. ಅದು ಫಲಿಸಬೇಕಾದರೆ ಹೊಸ ಸಂರಚನೆಯನ್ನು ಪರೀಕ್ಷೆಗೆ ಮುನ್ನ ಉಳಿಸಿರಬಾರದು. ಆದರೂ ಮುಖ್ಯ ತಾಣಗಳ ಕನ್ಸೋಲನ್ನು (ಉಪಕರಣದ ನೇರ ನಿಯಂತ್ರಣ ದ್ವಾರವನ್ನು) ಮೊಬೈಲ್ ಸಂಪರ್ಕದಂಥ ಬೇರೊಂದು ದಾರಿಯಿಂದ ತಲುಪುವ ಏರ್ಪಾಡು ಬೇಕೇ ಬೇಕು.

ಬದಲಾಯಿಸುವ ಕೆಲಸಕ್ಕೆ ಕೈಹಾಕುವ ಮುನ್ನ ಓದುವ ಕೆಲಸವನ್ನು ಸ್ವಯಂಚಾಲಿತಗೊಳಿಸಿ. ಆಕ್ಸಿಡೈಸ್ಡ್ ಅಥವಾ ಅದಕ್ಕೂ ಹಳೆಯದಾದ ರಾನ್ಸಿಡ್ ತಂತ್ರಾಂಶವು ಎಲ್ಲ ಉಪಕರಣಗಳ ಸಂರಚನೆಯನ್ನೂ ನಿಯಮಿತವಾಗಿ ತಂದು ಬದಲಾವಣೆಗಳ ಇತಿಹಾಸವನ್ನು ಉಳಿಸುವ ಗಿಟ್ ಭಂಡಾರದಲ್ಲಿಡುತ್ತದೆ. ನಿನ್ನೆಗೂ ಇಂದಿಗೂ ಎಲ್ಲಿ ಯಾವ ಸಾಲು ಬದಲಾಯಿತೆಂದು ಕಾಣುವ ಹಾಗಾದರೆ ಅರ್ಧ ಕೆಲಸ ಮುಗಿದಂತೆ, ಮತ್ತು ಇದರಿಂದ ಯಾವ ಗ್ರಾಹಕರ ಸಂಪರ್ಕಕ್ಕೂ ಧಕ್ಕೆಯಿಲ್ಲ.

ಪ್ರಶ್ನೆ: ಎಲ್ಲ ಗಣಕಗಳನ್ನೂ ಒಂದೇ ಸರ್ವರಿನಿಂದ ನಿಯಂತ್ರಿಸುವುದೆಂದರೆ ಎಲ್ಲ ಬೀಗಗಳ ಕೀಲಿಯನ್ನೂ ಒಂದೇ ಕಡೆ ಇಟ್ಟಂತೆ ಅಲ್ಲವೇ?
— ಓದುಗರು, ಉಡುಪಿ

ಉತ್ತರ: ಹೌದು, ಮತ್ತು ದಾಳಿಕೋರರಿಗೂ ಇದು ತಿಳಿದಿದೆ. 2021ರ ಜುಲೈ 2ರಂದು ಕಸೇಯಾ ಎಂಬ ಕಂಪನಿಯ ದೂರನಿರ್ವಹಣಾ ತಂತ್ರಾಂಶದ ಲೋಪವನ್ನು ಬಳಸಿಕೊಂಡು, ಅದರ ಅರವತ್ತಕ್ಕಿಂತ ಕಡಿಮೆ ನೇರ ಗ್ರಾಹಕರ ಮೂಲಕ ಸುಮಾರು 1,500 ಸಂಸ್ಥೆಗಳವರೆಗೆ ಸುಲಿಗೆ ತಂತ್ರಾಂಶವನ್ನು ಹರಡಲಾಯಿತು. ಸ್ವೀಡನ್ನಿನ ಕೋಪ್ ದಿನಸಿ ಮಳಿಗೆಗಳು ಕಸೇಯಾದ ನೇರ ಗ್ರಾಹಕರೇ ಅಲ್ಲ. ಅವುಗಳ ಬಿಲ್ಲಿಂಗ್ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಆ ತಂತ್ರಾಂಶವನ್ನು ಬಳಸುತ್ತಿದ್ದುದರಿಂದ ಸುಮಾರು 800 ಮಳಿಗೆಗಳು ಬಾಗಿಲು ಹಾಕಬೇಕಾಯಿತು.

ಹಾಗೆಂದು ಕೀಲಿಗಳನ್ನು ಅರವತ್ತು ಕಡೆ ಚೆಲ್ಲಿದರೆ ಭದ್ರತೆ ಹೆಚ್ಚುವುದಿಲ್ಲ; ಎಲ್ಲ ಗಣಕಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಅದನ್ನು ಗೋಡೆಯ ಮೇಲೆ ಬರೆದ ಪ್ರಯೋಗಾಲಯಗಳು ಕಡಿಮೆಯೇನಿಲ್ಲ. ನಿಯಂತ್ರಣ ಸರ್ವರನ್ನು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಡಬೇಡಿ, ಅದರ ಪ್ರವೇಶಕ್ಕೆ ಎರಡು ಹಂತದ ದೃಢೀಕರಣವಿರಲಿ, ಅದರಲ್ಲಿ ಇಮೇಲ್ ನೋಡುವುದಾಗಲಿ ಜಾಲತಾಣ ತೆರೆಯುವುದಾಗಲಿ ಬೇಡ. ಪಾಸ್‌ವರ್ಡುಗಳನ್ನು ಗಿಟ್ ಭಂಡಾರದಲ್ಲಿ ಯಾರಾದರೂ ಓದಬಹುದಾದ ರೂಪದಲ್ಲಿ ಇಡದೆ ಆನ್ಸಿಬಲ್ ವಾಲ್ಟ್‌ನಂಥದ್ದರಲ್ಲಿ ಗೂಢಲಿಪಿಯಲ್ಲಿಡಿ. ಬ್ಯಾಕಪ್ ಸರ್ವರನ್ನು ಮಾತ್ರ ಈ ನಿಯಂತ್ರಣದಿಂದ ಪೂರ್ತಿ ಹೊರಗಿಟ್ಟು ಬೇರೆ ಕೀಲಿಯಿಂದ ಬೀಗ ಹಾಕಿ.

ಪ್ರಶ್ನೆ: ನನ್ನ ಬಳಿ ಒಂದೇ ಲ್ಯಾಪ್‌ಟಾಪ್ ಇದೆ. ಸರ್ವರುಗಳಿಲ್ಲದೆ ಈ ವಿದ್ಯೆಯನ್ನು ಅಭ್ಯಾಸ ಮಾಡುವುದು ಹೇಗೆ?
— ಬಿಸಿಎ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರಲ್ಲಿ ಡೆಸ್ಕ್‌ಟಾಪ್ ಇಲ್ಲದ ಮೂರು ಡೆಬಿಯನ್ ಯಂತ್ರಗಳನ್ನು ಮಾಡಿ. ಒಂದು ನಿಯಂತ್ರಣಕ್ಕೆ, ಎರಡು ನಿರ್ವಹಿಸಿಕೊಳ್ಳಲು. ಮೊದಲು ಕೈಯಿಂದಲೇ ಒಂದು ಚಿಕ್ಕ ಜಾಲತಾಣವನ್ನು ಎನ್‌ಜಿನ್‌ಎಕ್ಸ್ ಸರ್ವರಿನಲ್ಲಿ ನಿಲ್ಲಿಸಿ ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಆಮೇಲೆ ಅದನ್ನೇ ಆನ್ಸಿಬಲ್ ಪ್ಲೇಬುಕ್ (ಗಣಕವು ಇರಬೇಕಾದ ಸ್ಥಿತಿಯನ್ನು ಹೇಳುವ ಕಡತ) ಆಗಿ ಬರೆದು ಗಿಟ್‌ಗೆ ಸೇರಿಸಿ. ಪ್ಲೇಬುಕ್ಕನ್ನು ಎರಡನೆಯ ಸಲ ನಡೆಸಿದಾಗ ಬದಲಾವಣೆಗಳ ಸಂಖ್ಯೆ ಸೊನ್ನೆ ಬರಬೇಕು. ಬರದಿದ್ದರೆ ಯಾವ ಸಾಲಿನಿಂದ ಹಾಗಾಯಿತೆಂದು ಹುಡುಕಿ. ಅದು ಸರಿಹೋದ ಮೇಲೆ ಒಂದು ಯಂತ್ರವನ್ನು ಅಳಿಸಿಹಾಕಿ, ಹೊಸ ಡೆಬಿಯನ್ ಯಂತ್ರ ಮಾಡಿ, ಪ್ಲೇಬುಕ್ ಒಂದರಿಂದಲೇ ಜಾಲತಾಣ ಮತ್ತೆ ಏಳುವುದೇ ನೋಡಿ. ಮೊದಲ ಸಲ ಸಾಮಾನ್ಯವಾಗಿ ಏಳುವುದಿಲ್ಲ, ಏಕೆಂದರೆ ಕೈಯಿಂದ ಮಾಡಿ ಬರೆಯಲು ಮರೆತ ಒಂದೆರಡು ಕೆಲಸಗಳು ಹಳೆಯ ಯಂತ್ರದಲ್ಲಿಯೇ ಉಳಿದಿರುತ್ತವೆ.